ಇಸ್ಮಾಯಿಲನ ಅಂಗಡಿಯ ಮೊಳೆ

ಸಿಂದಗಿಯ ಸಾರ್ವಜನಿಕ ಜೀವನದಲ್ಲಿ ದೂರಗಾಮಿ ಪರಿಣಾಮ ಬೀರಿದ ಸಂಗತಿಯೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ. ಶ್ರಾವಣ ಮುಗಿಯುತ್ತಿದ್ದಂತೆ, ಬಸ್ ನಿಲ್ದಾಣದ ಎದುರಿಗಿರುವ ಇಸ್ಮಾಯಿಲನ ಚಹಾದಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆ ತೆರವಾಯಿತು.

ಮೊಳೆ ಗೋಡೆಯಲ್ಲೇ ಇತ್ತು. ತೆರವಾದದ್ದು ಸ್ಥಾನ. ಆ ಮೊಳೆಗೆ ಸುತಳಿಯಲ್ಲಿ ಕಟ್ಟಿದ ಒಂದು ಪುಸ್ತಿಕೆ ತೂಗುತ್ತಿರುತ್ತದೆ. ಒಂದೇ ಒಂದು. ಮನೆಯಲ್ಲಿ ಕೂತು ಬರೆದು, ಝೆರಾಕ್ಸ್ ಮಾಡಿಸಿ, ಮಡಿಚಿ ಮಾಡಿದ್ದು. ಅದರಲ್ಲಿ ದೇಶದ ಸುದ್ದಿ ಇರುವುದಿಲ್ಲ, ರಾಶಿಭವಿಷ್ಯ ಇರುವುದಿಲ್ಲ. ಟ್ರ್ಯಾಕ್ಟರ್ ಇರುತ್ತದೆ. ಯಾವ ಊರಿನ ಟ್ರ್ಯಾಕ್ಟರಿಗೆ ಯಾರು ಹೊಸ ಸೌಂಡ್ ಬಾಕ್ಸ್ ಕೂಡಿಸಿದರು, ಕಬ್ಬಿನ ಲೋಡು ಹೊತ್ತು ಫ್ಯಾಕ್ಟರಿಗೆ ಹೋಗುವಾಗ ಯಾವ ಹಾಡು ಹಚ್ಚುತ್ತಾರೆ, ಯಾರ ಟ್ರಾಲಿಯ ಹಿಂದೆ ಏನು ಬರೆದಿದೆ, ಬರೆದದ್ದನ್ನು ಹೆಂಡತಿ ಬಂದ ಮೇಲೆ ಯಾಕೆ ಅಳಿಸಿದರು, ಇಂಥವು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಈ ಹುಚ್ಚು ಹಿಡಿದವರದೇ ಒಂದು ಜಾತಿಯಾಗಿದೆ. ಡ್ರೈವರುಗಳು, ಬಣ್ಣ ಬರೆಯುವವರು, ಬಾಕ್ಸ್ ಮಾಡುವ ಬಡಿಗರು, ಮತ್ತು ಸ್ವಂತ ಸೈಕಲ್ಲೂ ಇಲ್ಲದೆ ಬರೀ ಕೇಳಲೆಂದೇ ರಸ್ತೆ ಬದಿಗೆ ನಿಲ್ಲುವವರು. ಅವರೆಲ್ಲರ ಕೈಯಲ್ಲೂ ಮೊಬೈಲಿದೆ, ಮೊಬೈಲಿನಲ್ಲಿ ಜಗತ್ತಿನ ಎಲ್ಲ ಟ್ರ್ಯಾಕ್ಟರುಗಳೂ ಇವೆ. ಆದರೆ ನಿನ್ನೆ ಸಂಜೆ ಯಂಕಂಚಿ ಕ್ರಾಸಿನಲ್ಲಿ ಹಾದುಹೋದ ಟ್ರ್ಯಾಕ್ಟರು ಮೊಳೆಯಲ್ಲಿ ಮಾತ್ರ ಸಿಗುತ್ತದೆ. ಅದರ ಪಕ್ಕದಲ್ಲಿ ‘ಸುಳ್ಳು, ಆ ಬಾಕ್ಸ್ ನಮ್ಮ ಮಾಮಾಂದು’ ಎಂದು ಪೆನ್ನಿನಿಂದ ಬರೆಯುವ ಸುಖವೂ ಅಲ್ಲಿ ಮಾತ್ರ. ಬೆಂಗಳೂರಿನಿಂದ ಬಂದ ಒಬ್ಬ ಹುಡುಗಿ ಇದಕ್ಕೆ ಝೀನ್ ಎನ್ನುತ್ತಾರೆಂದೂ, ಇದು ಲೋಕದಾದ್ಯಂತ ಇದೆಯೆಂದೂ ಹೇಳಿ ಫೋಟೋ ತೆಗೆದುಕೊಂಡು ಹೋದಳು. ಇಸ್ಮಾಯಿಲ ಆಕೆಗೆ ಚಹಾದ ರೊಕ್ಕ ಬಿಡಲಿಲ್ಲ.

ಮೊಳೆಗೆ ನಿಯಮಗಳಿದ್ದವು. ಪುಸ್ತಿಕೆಯನ್ನು ಅಂಗಡಿಯಲ್ಲೇ ಓದಬೇಕು. ಅಂಚಿನಲ್ಲಿ ಏನು ಬೇಕಾದರೂ ಬರೆಯಬಹುದು, ಅವ್ವ-ಅಕ್ಕ ಎಂದು ಬೈಯುವಂತಿಲ್ಲ. ಬರೆಯಲು ಒಂದು ಪೆನ್ನನ್ನೂ ಇಸ್ಮಾಯಿಲ ದಾರದಲ್ಲಿ ಕಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಒಮ್ಮೆ ಮೊಳೆಗೇರಿದ ಸಂಚಿಕೆ ಓದಿ ಓದಿ ಕಾಗದ ಹರಿದು ತಾನಾಗಿ ಬೀಳುವತನಕ ಅಲ್ಲೇ ಇರಬೇಕು. ಇಸ್ಮಾಯಿಲನೂ ತೆಗೆಯುವಂತಿಲ್ಲ, ಮಾಡಿದವರೂ ತೆಗೆಯುವಂತಿಲ್ಲ. ಬಿದ್ದ ಮೇಲೆ ಯಾರು ಮೊದಲು ಹೊಸದನ್ನು ತರುತ್ತಾರೋ ಮೊಳೆ ಅವರದು. ಹಿಂದೊಮ್ಮೆ ಇಲಿ ಸುತಳಿ ಕಡಿದು ಒಂದು ಸಂಚಿಕೆ ಬಿದ್ದಾಗ ಇಸ್ಮಾಯಿಲ ಹೊಸ ಸುತಳಿ ಕಟ್ಟಿ ಅದನ್ನೇ ತೂಗಿಬಿಟ್ಟಿದ್ದ. ಹರಿಯಬೇಕಾದ್ದು ಕಾಗದ, ಸುತಳಿಯಲ್ಲ ಎಂಬುದು ಅಂದು ಇತ್ಯರ್ಥವಾಗಿತ್ತು.

ಈ ಸಲ ಬಿದ್ದದ್ದು ‘ಹಿಂದಿನ ಫಳಿ’ಯ ಸಂಚಿಕೆ. ಫಳಿ ಎಂದರೆ ಟ್ರಾಲಿಯ ಹಿಂಬದಿಯ ಹಲಗೆ. ಅದನ್ನು ಮಾಡುವವಳು ಕನ್ನೊಳ್ಳಿಯ ಸುಮಂಗಲಾ. ಸಿಂದಗಿಯಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅಂಗಡಿಯ ಮುಂದಿನ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರುಗಳನ್ನು ನೋಡಿ ಚಿತ್ರ ಬರೆಯುತ್ತಾಳೆ, ಕೆಳಗೆ ಎರಡು ಸಾಲು ಬರೆಯುತ್ತಾಳೆ, ಝೆರಾಕ್ಸ್ ಮಾಡಿಸಿ ಬೆನ್ನಿಗೆ ತನ್ನ ಹೊಲಿಗೆ ಯಂತ್ರದಲ್ಲೇ ಒಂದು ಹೊಲಿಗೆ ಹಾಕುತ್ತಾಳೆ. ಆ ದಿನ ಯಾರ ಜಂಪರ್ ಯಂತ್ರದ ಮೇಲಿತ್ತೋ ಆ ಬಣ್ಣದ ದಾರ. ಆಕೆಯ ಸಂಚಿಕೆ ಯಂಕಂಚಿಯ ಡ್ರೈವರನೊಬ್ಬನ ಕೈಯಲ್ಲಿದ್ದಾಗ ಬೆನ್ನು ಬಿಟ್ಟು, ಅವನ ಬಸಿಯೊಳಗೆ, ಅರ್ಧ ಕುಡಿದ ಚಹಾದಲ್ಲಿ ಬಿತ್ತು. ಸುತ್ತಲಿದ್ದವರು ಒಳ್ಳೆಯ ಸಾವು ಸತ್ತವರನ್ನು ಕುರಿತು ಮಾತಾಡುವ ಹಾಗೆ ಮಾತಾಡಿದರು.

ಮೂಲೆಯ ಬೆಂಚಿನಲ್ಲಿ ಕೂತಿದ್ದ ಚೇತನಕುಮಾರನಿಗೆ ಈ ದೃಶ್ಯವನ್ನು ನೋಡಲಾಗಲಿಲ್ಲ. ಅವನದೂ ಒಂದು ಪತ್ರಿಕೆ ಇತ್ತು, ‘ಧ್ವನಿವರ್ಧಕ’ ಅಂತ.

ಚೇತನಕುಮಾರ ಆಲಮೇಲದವನು. ಔಷಧ ಹೊಡೆಯುವ ಪಂಪುಗಳ ಬಿಡಿಭಾಗ ಮಾರುವ ಕಂಪನಿಯೊಂದರ ಪರವಾಗಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸುತ್ತುತ್ತಾನೆ. ಎಂ.ಎ. ಮಾಡಿದ್ದಾನೆ. ಇಸ್ತ್ರಿಯ ಅಂಗಿ, ಹೆಗಲಿಗೆ ಚೀಲ. ಇಸ್ಮಾಯಿಲ ಅವನನ್ನು ಸರ ಎನ್ನುತ್ತಾನೆ, ಅವನು ಬೇಡ ಎಂದಿಲ್ಲ. ಧ್ವನಿವರ್ಧಕದಲ್ಲಿ ಸಂಪಾದಕೀಯವಿತ್ತು, ಅಡಿಟಿಪ್ಪಣಿಗಳಿದ್ದವು, ಸಂಪಾದಕ ಮಂಡಳಿಯೂ ಇತ್ತು. ಮಂಡಳಿಯ ಏಕೈಕ ಸದಸ್ಯೆಯಾದ ಅವನ ಹೆಂಡತಿ ಐಶ್ವರ್ಯಳಿಗೆ ತಾನು ಮಂಡಳಿಯಲ್ಲಿರುವ ವಿಷಯ ಮೂರನೆಯ ಸಂಚಿಕೆಯ ಹೊತ್ತಿಗೆ ತಿಳಿಯಿತು. ಧ್ವನಿವರ್ಧಕ ಒಮ್ಮೆ ಮೊಳೆಗೇರಿತ್ತು. ಬೀಳಲಿಲ್ಲ. ಯುಗಾದಿ ಹೋಯಿತು, ಮಳೆ ಬಂತು, ಅದು ಮದುವೆಯ ಕರೆಯೋಲೆಯ ಹಾಗೆ ಶುಭ್ರವಾಗಿ ತೂಗುತ್ತಲೇ ಇತ್ತು. ಕೊನೆಗೆ ಗೋಡೆ ಸೋರಿ, ನೆನೆದು ಬಿತ್ತು. ಅಂಚುಗಳಲ್ಲಿ ಒಂದೇ ಒಂದು ಬರಹವಿತ್ತು: ಯಾರೋ ಸಿಮೆಂಟಿನ ಲೆಕ್ಕ ಮಾಡಿದ್ದರು.

ಸುಮಂಗಲಾಳ ಬಗ್ಗೆ ಅವನಿಗಿದ್ದ ಹೊಟ್ಟೆಕಿಚ್ಚನ್ನು ಸರಿಯಾಗಿ ವಿವರಿಸುವುದು ಕಷ್ಟ, ಏಕೆಂದರೆ ಅದು ಬಿಡಿಬಿಡಿಯಾಗಿ ಇತ್ತು. ಆಕೆಯ ದಾರದ ಬಣ್ಣಗಳ ಮೇಲೆ ಬೇರೆ, ಆಕೆಯ ಪುಟಗಳ ಮೇಲಿನ ಭಜಿ ಎಣ್ಣೆಯ ಕಲೆಗಳ ಮೇಲೆ ಬೇರೆ, ಅಂಚುಗಳಲ್ಲಿ ಜನ ಬರೆದ ಜಗಳಗಳ ಮೇಲೆ ಬೇರೆ. ಬೆಂಗಳೂರಿನ ಹುಡುಗಿ ಯಾರ ಪುಸ್ತಿಕೆಯ ಫೋಟೋ ತೆಗೆದಳು ಎಂಬುದರ ಮೇಲೆ ಇದ್ದದ್ದು ಇನ್ನೊಂದು, ಸ್ವಲ್ಪ ದೊಡ್ಡದು. ಆಕೆಯ ತಪ್ಪುಗಳ ಮೇಲೆ ಕೂಡ ಅವನಿಗೆ ಸಂಕಟವಿತ್ತು. ತಪ್ಪು ಬರೆದರೆ ನಾಲ್ಕು ಊರಿನಿಂದ ತಿದ್ದುಪಡಿ ಬರುತ್ತಿತ್ತು. ಇವನು ತಪ್ಪೇ ಮಾಡುತ್ತಿರಲಿಲ್ಲವಾದ್ದರಿಂದ ಇವನಿಗೆ ಯಾರೂ ಬರೆಯುತ್ತಿರಲಿಲ್ಲ, ಎಂದು ಅವನ ತಿಳಿವಳಿಕೆ.

ಆದರೆ ಅವನ ಬಳಿ ಒಂದು ಸಿದ್ಧಾಂತವಿತ್ತು. ಆಕೆಯ ಸಂಚಿಕೆಗಳು ಬೇಗ ಹರಿದು ಬೀಳುವುದಕ್ಕೆ ಕಾರಣ ಓದುಗರಲ್ಲ, ಕಾಗದ. ಅಗ್ಗದ, ತೆಳು ಕಾಗದ. ಇದನ್ನು ಅವನು ಎಷ್ಟು ಜನರಿಗೆ ಹೇಳಿದ್ದನೆಂದರೆ, ಕೊನೆಗೆ ಸ್ವತಃ ನಂಬಿಬಿಟ್ಟಿದ್ದ. ಹಾಗಾಗಿ ಮೊಳೆ ತೆರವಾದ ಮರುಕ್ಷಣ ಅವನು ಚಹಾ ಬಿಟ್ಟು ಎದ್ದ. ತಹಶೀಲ್ದಾರ ಕಚೇರಿಯ ಎದುರು ಯಾಸೀನನ ಝೆರಾಕ್ಸ್ ಅಂಗಡಿ. ಧ್ವನಿವರ್ಧಕದ ಹೊಸ ಸಂಚಿಕೆ ಚೀಲದಲ್ಲೇ ಸಿದ್ಧವಿತ್ತು. ಅದರ ಪ್ರತಿ ಹಾಳೆಯನ್ನೂ ಲ್ಯಾಮಿನೇಶನ್ ಮಾಡಲು ಹೇಳಿದ. ಆಧಾರ ಕಾರ್ಡಿಗೆ ಹಾಕುವ ದಪ್ಪ ಪ್ಲಾಸ್ಟಿಕ್ಕೇ ಬೇಕು ಎಂದ. ಮೂಲೆಯಲ್ಲಿ ತೂತಿಗೆ ಹಿತ್ತಾಳೆಯ ರಿಂಗು ಹೊಡೆಸಿದ.

ಯಾಸೀನ ಬಿಸಿ ಹಾಳೆಗಳನ್ನು ಬೀಸುತ್ತ ಒಂದೇ ಮಾತು ಕೇಳಿದ.

“ಸರ, ಇದು ಓದೂ ಸಾಮಾನೋ, ತೋರಸೂ ಸಾಮಾನೋ?”

ಗುಣಮಟ್ಟದ ವಸ್ತು ಎರಡೂ ಆಗಬಲ್ಲದು ಎಂದು ಚೇತನಕುಮಾರ ಉತ್ತರಿಸಿದ. ಸಂಜೆಯೊಳಗೆ ಧ್ವನಿವರ್ಧಕ ಮೊಳೆಯಲ್ಲಿತ್ತು. ಟ್ಯೂಬ್‌ಲೈಟಿನ ಬೆಳಕಿಗೆ ಮಿಂಚುತ್ತಿತ್ತು.

ಗಣೇಶ ಬಂದು ಹೋದ. ದಸರಾ ಹೋಯಿತು. ಚೇತನಕುಮಾರ ತಾನು ಏನು ಮಾಡಿದ್ದೇನೆಂದು ನಿಧಾನವಾಗಿ ಅರ್ಥ ಮಾಡಿಕೊಂಡ, ಮತ್ತು ಮೊದಲಿಗೆ ಅದು ಅವನಿಗೆ ಬಹಳ ಹಿಡಿಸಿತು. ಲ್ಯಾಮಿನೇಶನ್ ಆದದ್ದು ಹರಿಯುವುದಿಲ್ಲ. ಹರಿಯದಿದ್ದರೆ ಬೀಳುವುದಿಲ್ಲ. ಅದು ಬೀಳದೆ ಸುಮಂಗಲಾಳದು ಮೇಲೇರುವುದಿಲ್ಲ. ತಾನು ಯೋಚಿಸಿ ಮಾಡಿರದ ಕುತಂತ್ರಕ್ಕೆ ತಾನೇ ಬೆರಗಾಗಿ, ಅವನು ವಾರಕ್ಕೊಮ್ಮೆ ಬಂದು ಮೊಳೆಯ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ಯಾರಾದರೂ ಓದಿದರೋ ಎಂದು ಕೇಳಿದರೆ ಇಸ್ಮಾಯಿಲ, ಒಬ್ಬ ಲಾರಿಯವನು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ ಎಂದು ಹೇಳಿದ. ಬರೆಯಲು ಹೋದವರೂ ಇದ್ದರು, ಪೆನ್ನು ಜಾರಿತಂತೆ.

ದೀಪಾವಳಿಗೆ ಹಿಂದಿನ ಫಳಿಯ ಹೊಸ ಸಂಚಿಕೆ ಸಿದ್ಧವಾಯಿತು. ಸುಮಂಗಲಾ ಒಂದು ಪ್ರತಿ ಹಿಡಿದುಕೊಂಡು ಬಂದು ಮೊಳೆ ನೋಡಿದಳು, ಪ್ಲಾಸ್ಟಿಕ್ಕನ್ನು ಉಗುರಿನಿಂದ ಮುಟ್ಟಿ ನೋಡಿದಳು, ತಂದ ಪ್ರತಿಯನ್ನು ಜಂಪರ್ ಗಂಟಿಗೆ ಸೇರಿಸಿ ಹೋದಳು. ಚೇತನಕುಮಾರ ಮೂಲೆಯ ಬೆಂಚಿನಲ್ಲೇ ಇದ್ದ. ಅವನ ಆ ಸಂಜೆಯ ಸಂತೋಷಕ್ಕೆ ಸಮನಾದದ್ದು ಅವನ ಮದುವೆಯಲ್ಲೂ ಇರಲಿಲ್ಲವೆಂದು ಕಾಣುತ್ತದೆ.

ಆ ಸಂತೋಷ ಇಂಡಿಯವರೆಗೂ ಬರಲಿಲ್ಲ. ಮೊಳೆ ಸಿಗದ ಸಂಚಿಕೆ ಅಂಗಡಿಯಲ್ಲಿ ನಿಲ್ಲದೆ ರಸ್ತೆಗೆ ಬಿದ್ದಿತ್ತು. ಸುಮಂಗಲಾ ತನ್ನ ಬಳಿಯಿದ್ದ ಪ್ರತಿಗಳನ್ನು ಕಬ್ಬಿನ ಟ್ರ್ಯಾಕ್ಟರುಗಳ ಡ್ರೈವರುಗಳಿಗೆ ಕೊಟ್ಟುಬಿಟ್ಟಿದ್ದಳು; ಅವರು ಓದಿ ಎದುರು ಬಂದವರಿಗೆ ಕೊಡುತ್ತಿದ್ದರು. ಇಂಡಿಯಲ್ಲಿ ಬ್ಯಾಟರಿ ಅಂಗಡಿಯ ರಾವಸಾಬ ಮೇಜಿನ ಮೇಲೆ ಒಂದನ್ನು ಇಟ್ಟುಕೊಂಡು ನಗುತ್ತ ಕೂತಿದ್ದ. ಈ ಸಲ ಕೆಂಪು ದಾರ. ನೋಡುತ್ತೀರಾ ಎಂದು ರಾವಸಾಬ ಅದನ್ನು ಮುಂದೆ ಚಾಚಿದ. ಚೇತನಕುಮಾರನ ಕೈ ಮೇಲೆದ್ದಿತ್ತು. ಅದನ್ನು ಹಾಗೇ ಮುಂದುವರಿಸಿ ತಲೆಗೂದಲು ಸರಿಮಾಡಿಕೊಂಡು, ತಾನು ಅಂಥವನ್ನು ಓದುವುದಿಲ್ಲ ಎಂದ.

ಇದು ನಿಜವಲ್ಲ. ಹಿಂದಿನ ಫಳಿಯ ಒಂದೊಂದು ಸಂಚಿಕೆಯನ್ನೂ ಅವನು ಓದಿದ್ದ. ಆಲಮೇಲದ ಮೇಲೆ ಹಾಯುವ ಇಂಡಿ ಬಸ್ಸಿಗೆ ಕಾಯುವ ನೆಪದಲ್ಲಿ ಮೊಳೆಯ ಹತ್ತಿರ ನಿಂತು, ಯಾರೋ ಬಿಟ್ಟುಹೋದದ್ದು ಕಣ್ಣಿಗೆ ಬಿತ್ತೆಂಬಂತೆ ಎತ್ತಿಕೊಂಡು, ಮೊದಲಿನಿಂದ ಕೊನೆಯವರೆಗೆ, ಅಂಚಿನ ಬರಹಗಳ ಸಮೇತ ಓದುತ್ತಿದ್ದ. ಆಕೆಗೆ ಕೆಲವು ಸಾಲುಗಳು ಎಲ್ಲಿಂದ ಹೊಳೆಯುತ್ತವೆಂದು ಅವನಿಗೆ ಸಿಟ್ಟು ಬರುತ್ತಿತ್ತು. ಯಾರನ್ನೂ ಕೇಳದೆ, ಯಾರಿಗೂ ಗೊತ್ತಾಗದೆ ಆಕೆಯನ್ನು ಓದಬಹುದಾಗಿದ್ದ ಒಂದೇ ಜಾಗವೆಂದರೆ ಆ ಮೊಳೆ. ಈಗ ಅಲ್ಲಿ ತಾನೇ ತೂಗುತ್ತಿದ್ದ.

ಬಸವನ ಬಾಗೇವಾಡಿಯಲ್ಲಿ ಪಂಪಿನ ಅಂಗಡಿಯವನು ಸಂಚಿಕೆಯ ಒಂದು ಸಾಲನ್ನು ಬಾಯಿಪಾಠ ಹೇಳಿದ. ಆಲಮೇಲದ ಕಡೆಯ ಒಂದು ಟ್ರಾಲಿಯ ಹಿಂದೆ ‘ಮೆಲ್ಲಕ ಬಾ ಮಾವ, ಸಕ್ಕರಿ ಎಲ್ಲೂ ಓಡಿ ಹೋಗಾಂಗಿಲ್ಲ’ ಎಂದು ಬರೆದಿದೆಯಂತೆ. ಆಲಮೇಲ ಇವನ ಊರು. ಆ ಟ್ರಾಲಿಯ ಹಿಂದೆ ಇವನು ಎಷ್ಟೋ ಸಲ ಬೈಕಿನಲ್ಲಿ ಹೋಗಿದ್ದ, ಹಾರ್ನ್ ಹೊಡೆದಿದ್ದ, ಓದಿರಲಿಲ್ಲ. ತನ್ನ ಮನೆಯ ಹಿತ್ತಲಿನಲ್ಲಿ ನೆರೆಯವರು ನಿಧಿ ತೆಗೆದುಕೊಂಡು ಹೋದಷ್ಟು ಉರಿ ಹತ್ತಿತು.

ಮುದ್ದೇಬಿಹಾಳದಲ್ಲಿ ಆದದ್ದು ಇನ್ನೂ ದೊಡ್ಡದು. ಅಲ್ಲಿ ಸೌಂಡ್ ಬಾಕ್ಸ್ ಮಾಡುವ ತೌಸಿಫ ಪ್ಲೈವುಡ್ ಕೊಯ್ಯುವುದನ್ನು ನಿಲ್ಲಿಸಿ ಚೇತನಕುಮಾರನನ್ನು ಒಮ್ಮೆ ಮುಂದಿನಿಂದ ನೋಡಿದ, ಎದ್ದು ಬಂದು ಒಮ್ಮೆ ಹಿಂದಿನಿಂದ ನೋಡಿದ.

“ಏನ್ ನೋಡಾಕತ್ತೀಯೋ?”

“ಏನಿಲ್ರಿ ಸರ. ಫಳಿಯೊಳಗ ನೀವೂ ಅದೀರಿ.”

“ನಾನು? ಏನಂತ ಬರದಾಳ?”

“ಓದಿಲ್ಲೇನ್ರಿ ನೀವು?” ಎಂದು ತೌಸಿಫ ಕೇಳಿದ. ಓದಿದ್ದೇನೆ ಎಂದರೆ ಓದುತ್ತಾನೆ ಎಂದಾಗುತ್ತದೆ, ಓದಿಲ್ಲ ಎಂದರೆ ಓದಲು ಬೇಕಾಗಿದೆ ಎಂದಾಗುತ್ತದೆ. ಚೇತನಕುಮಾರ ವಾಷರುಗಳ ದರದ ಬಗ್ಗೆ ಮಾತಾಡಿ ಹೊರಬಿದ್ದ. ತೌಸಿಫನ ಪ್ರತಿ ಆಗಲೇ ತಾಳಿಕೋಟಿಗೆ ಹೋಗಿತ್ತಂತೆ, ಅಷ್ಟನ್ನು ಅವನೇ ಹೇಳಿದ್ದ.

ಅಂದಿನಿಂದ ಅವನಿಗೆ ನೆಮ್ಮದಿ ಇರಲಿಲ್ಲ. ಬೈದಿದ್ದರೆ ಉತ್ತರ ಬರೆಯಬಹುದಿತ್ತು. ಏನೆಂದು ಬೈದಿದ್ದಾಳೆಂದು ತಿಳಿಯಬೇಕಲ್ಲ. ಹೊಗಳಿದ್ದರೆ, ಆ ಸಾಧ್ಯತೆಯನ್ನು ಅವನು ಮನೆಯಲ್ಲಿ ಒಬ್ಬನೇ ಇದ್ದಾಗ ಮಾತ್ರ ಯೋಚಿಸುತ್ತಿದ್ದ. ನಾಲ್ಕು ಊರಿನಲ್ಲಿ ಪಂಪಿನವರು, ಬ್ಯಾಟರಿಯವರು, ಬಡಿಗರು ತನ್ನ ಬಗ್ಗೆ ಓದಿ ಕೂತಿದ್ದಾರೆ, ತಾನೊಬ್ಬನೇ ಓದಿಲ್ಲ. ರಾವಸಾಬ ಚಾಚಿದ ಆ ಕೆಂಪು ದಾರದ ಪುಸ್ತಿಕೆ ರಾತ್ರಿ ಊಟದ ತಾಟಿನಲ್ಲೂ ಕಾಣುತ್ತಿತ್ತು. ಐಶ್ವರ್ಯಳಿಗಂತೂ ಪಲ್ಯಕ್ಕೆ ಉಪ್ಪು ಸರಿಯಿದೆಯೋ ಎಂದು ಕೇಳಿದರೆ ‘ಮೊಳೆ’ ಎಂದು ಉತ್ತರ ಬಂತು.

ಅವನಿಗೆ ಉಳಿದಿದ್ದ ದಾರಿ ಒಂದೇ. ಧ್ವನಿವರ್ಧಕ ಬೀಳಬೇಕು.

ಮೊದಲು ಅವನು ಓದುಗನಾಗಿ ಪ್ರಯತ್ನಿಸಿದ. ದಿನಾ ಬಂದು ತನ್ನದೇ ಪುಸ್ತಿಕೆಯನ್ನು ಎಳೆದೆಳೆದು ಓದಿದ. ಭಜಿ ತಿಂದ ಕೈಯಲ್ಲಿ ಓದಿದ. ಎಣ್ಣೆಯನ್ನು ಇಸ್ಮಾಯಿಲ ಒದ್ದೆ ಬಟ್ಟೆಯಿಂದ ಒರೆಸಿದ, ಪುಸ್ತಿಕೆ ಮೊದಲಿಗಿಂತ ಮಿಂಚಿತು. ರಿಂಗಿನ ಜಾಗದಲ್ಲಿ ಮಡಿಚಿ, ಬಿಚ್ಚಿ, ಮಡಿಚಿ ನೋಡಿದ. ಒಮ್ಮೆ ಬಲವಾಗಿ ಜಗ್ಗಿದಾಗ ಮೊಳೆಯೇ ಗೋಡೆ ಬಿಟ್ಟು ಕೈಗೆ ಬಂತು. ಇಸ್ಮಾಯಿಲ ಶುಂಠಿ ಜಜ್ಜುವ ಕಲ್ಲಿನಿಂದ ಅದನ್ನು ಒಂದು ಗೇಣು ಆಚೆ ಬಡಿದು, ಧ್ವನಿವರ್ಧಕವನ್ನು ಮರ್ಯಾದೆಯಿಂದ ಮತ್ತೆ ತೂಗಿಬಿಟ್ಟ.

ಸಂಕ್ರಾಂತಿಯ ಹಿಂದಿನ ದಿನ ಚೇತನಕುಮಾರ ಬಾಯಿ ಬಿಟ್ಟು ಕೇಳಿದ. ಅಂಗಡಿ ತುಂಬಿತ್ತು. ಸುಮಂಗಲಾ ಕೂಡ ಗಿರಾಕಿಯೊಬ್ಬರ ಜಂಪರ್ ಗಂಟು ಹಿಡಿದು ಕನ್ನೊಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಆಕೆಯನ್ನು ನೋಡದೆ, ಗೋಡೆಯನ್ನು ನೋಡುತ್ತ ಕೇಳಿದ.

“ಕಾಕಾ, ಇದನ್ನ ತಗದುಬಿಡ್ರಿ. ಭಾಳ ದಿನ ಆತು.”

“ತಗ್ಯಾಕ ಬರಂಗಿಲ್ರಿ ಸರ. ಬೀಳಬೇಕು.”

“ಬೀಳಂಗಿಲ್ಲ ಅದು.”

“ಹಂಗಂದ್ರ ಇರ್ತೈತಿ,” ಎಂದು ಇಸ್ಮಾಯಿಲ ಹಾಲಿನ ಪಾತ್ರೆ ಇಳಿಸಿದ. “ಅದೇನ್ ನನಗ ಹೊಟ್ಟಿಗಿ ಕೇಳ್ತೈತೇನ್ರಿ?”

ಕುಳಿತವರಲ್ಲಿ ಚರ್ಚೆ ಹತ್ತಿತು. ಮಾಡಿದವನೇ ಹರಿಯಬಹುದೇ? ಹರಿಯಬಹುದು, ಓದುಗರೇ ಹರಿಯಬೇಕೆಂದು ಎಲ್ಲೂ ಹೇಳಿಲ್ಲ ಎಂದು ಯಾಸೀನ ವಾದಿಸಿದ. ತನ್ನ ಲ್ಯಾಮಿನೇಶನ್ನಿನ ಮೇಲೆ ಅವನಿಗೆ ಭರವಸೆ ಇದ್ದಂತಿತ್ತು. ಸುತಳಿ ಸುಟ್ಟರೆ ನಡೆಯುತ್ತದೆಯೇ? ನಡೆಯುವುದಿಲ್ಲ, ಇಲಿಯ ಪ್ರಕರಣದಲ್ಲಿ ಅದು ತೀರ್ಮಾನವಾಗಿದೆ. ತೂತಿನ ಜಾಗದಲ್ಲಿ ಹಾಳೆ ತಾನಾಗಿ ಬಿಡಬೇಕು, ಪುಸ್ತಿಕೆ ತಾನಾಗಿ ಕೆಳಗೆ ಬೀಳಬೇಕು. ಚೇತನಕುಮಾರ ಹಲ್ಲು ಕಚ್ಚಿ ಜಗ್ಗಿದ. ಆಧಾರ ಕಾರ್ಡಿನ ಪ್ಲಾಸ್ಟಿಕ್ಕು ಜಗ್ಗಲಿಲ್ಲ. ಬೆವರಿದ. ಕೊನೆಗೆ ಸುಮಂಗಲಾಳ ಗಂಟಿನಿಂದ ಇಣುಕುತ್ತಿದ್ದ ಕತ್ತರಿ ಅವನ ಕಣ್ಣಿಗೆ ಬಿತ್ತು.

“ತಂಗಿ, ಆ ಕತ್ರಿ ಒಂದೀಟು…”

“ಕೊಡಂಗಿಲ್ರಿ ಅಣ್ಣಾರ. ಅದು ಅರಬಿ ಕತ್ತರಿಸೂದು. ಪ್ಲಾಸ್ಟಿಕ್ ಕತ್ತರಿಸಿದ್ರ ಮೊಂಡ ಆಗ್ತೈತಿ.”

ಬೇಡಿದ್ದು ಸಾಲದೆಂಬಂತೆ ಇಲ್ಲವೆಂದೂ ಅನಿಸಿಕೊಂಡಾಯಿತು. ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಗದಿರಲು ಎಲ್ಲರೂ ಬಸಿಗೆ ಬಾಯಿ ಹಚ್ಚಿದ್ದರು. ಸುಮಂಗಲಾ ರಸ್ತೆ ನೋಡಿದಳು, ಬಸ್ಸು ಬಂದಿರಲಿಲ್ಲ.

“ಊದಿನಕಡ್ಡಿ ಹಚ್ರಿ,” ಎಂದಳು. “ರಿಂಗಿನ ಸುತ್ತ ಹಿಡೀರಿ. ಪ್ಲಾಸ್ಟಿಕ್ ತಾನಽ ಬಿಡ್ತೈತಿ.”

ಇಸ್ಮಾಯಿಲ ಗಲ್ಲಾಪೆಟ್ಟಿಗೆಯ ಮೇಲಿನ ಕಟ್ಟಿನಿಂದ ಕಡ್ಡಿ ಕೊಟ್ಟ. ಹೀಗೆ ಸಂಕ್ರಾಂತಿಯ ಹಿಂದಿನ ದಿನ, ಇಳಿಹೊತ್ತಿನಲ್ಲಿ, ಧ್ವನಿವರ್ಧಕದ ಸಂಪಾದಕನು ತನ್ನ ಪತ್ರಿಕೆಯ ಎದುರು ನಿಂತು ಹಾಳೆಗೊಂದರಂತೆ ಊದಿನಕಡ್ಡಿ ಹಿಡಿದ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ಯಾವ ದೇವರೆಂದು ತಿಳಿಯದೆ ಕೈಮುಗಿದು ಹೋದಳು. ಪ್ಲಾಸ್ಟಿಕ್ಕು ಕರಗಿ, ಕಾಗದ ಕಪ್ಪಾಗಿ, ಅಂಗಡಿಯಲ್ಲಿ ಮಲ್ಲಿಗೆ ಮತ್ತು ಸುಟ್ಟ ಟೈರಿನ ವಾಸನೆ ಒಟ್ಟಿಗೆ ಹರಡಿತು. ಧ್ವನಿವರ್ಧಕ ಬಿತ್ತು. ಯಾರೂ ಒಳ್ಳೆಯ ಸಾವು ಎನ್ನಲಿಲ್ಲ.

ಸುಮಂಗಲಾ ಮೊಳೆಗೆಂದೇ ಉಳಿಸಿಕೊಂಡಿದ್ದ ಪ್ರತಿಯನ್ನು ಗಂಟಿನೊಳಗಿಂದ ತೆಗೆದು, ಅದೇ ಸುತಳಿಗೆ ಕಟ್ಟಿ, ಮೊಳೆಗೆ ಹಾಕಿ, ಬಂದ ಬಸ್ಸು ಹತ್ತಿ ಹೋದಳು. ಚೇತನಕುಮಾರ ಬೆಂಚಿನಲ್ಲಿ ಕೂತ. ಒಂದು ಚಹಾ ಕುಡಿದ. ಇನ್ನೊಂದು ಹೇಳಿದ. ಯಾಸೀನ ಎದ್ದು ಹೋದ, ಉಳಿದವರೂ ಒಬ್ಬೊಬ್ಬರಾಗಿ ಹೋದರು. ಆಮೇಲೆ ಎದ್ದು, ಬಸ್ಸಿಗೆ ಕಾಯುವವನ ಹಾಗೆ ಮೊಳೆಯ ಹತ್ತಿರ ನಿಂತ.

ತನ್ನ ಪುಟ ನಡುವಿನಲ್ಲಿತ್ತು. ಬರಹ ಇರಲಿಲ್ಲ, ಚಿತ್ರ. ಹಿಂದಿನಿಂದ ಕಂಡ ಒಬ್ಬ ಮನುಷ್ಯ. ಹೆಗಲಿಗೆ ಚೀಲ, ಗೋಣು ಮುಂದೆ ಬಾಗಿದೆ, ಕೈಯಲ್ಲಿ ಪುಸ್ತಿಕೆ. ಕಣ್ಣಿಗೆ ತೀರ ಹತ್ತಿರ ಎಳೆದುಕೊಂಡಿರುವುದರಿಂದ ಸುತಳಿ ಬಿಗಿಯಾಗಿ ಮೊಳೆಯವರೆಗೆ ಗೆರೆ ಎಳೆದಂತೆ ನಿಂತಿದೆ. ಒಂದು ಬದಿಗೆ ಇಂಡಿಯ ಬಸ್ಸು ಹೊರಟುಹೋಗುತ್ತಿದೆ. ಕೆಳಗೆ ಎರಡು ಸಾಲು: ‘ನಮ್ಮ ಓದುಗರು. ಎಲ್ಲಾ ಸಂಚಿಕಿ ಓದ್ಯಾರ, ಎಲ್ಲೂ ಏನೂ ಬರದಿಲ್ಲ.’

ಅವನು ಬೈಗುಳ ಹುಡುಕಿದ. ಸಿಗಲಿಲ್ಲ. ಹೊಗಳಿಕೆ ಹುಡುಕಿದ, ಅದೂ ಇರಲಿಲ್ಲ. ಅಂಗಿ ಇಸ್ತ್ರಿಯದು, ಆದರೆ ಚೀಲದ ಪಟ್ಟಿ ಕೂತು ಕೂತು ಎಡಹೆಗಲು ಬಲಕ್ಕಿಂತ ತಗ್ಗಾಗಿತ್ತು, ಅಲ್ಲಿ ಬಟ್ಟೆ ಮೂರು ನಿರಿಗೆಯಾಗಿ ಸೇರಿತ್ತು. ಹೊಲಿಯುವವರ ಕಣ್ಣಿಗೆ ಮಾತ್ರ ಬೀಳುವ ನಿರಿಗೆ. ತನ್ನ ಒಂದು ಹೆಗಲು ಇಳಿದಿದೆಯೆಂದು ಅವನಿಗೆ ಈ ತನಕ ಗೊತ್ತಿರಲಿಲ್ಲ; ಐಶ್ವರ್ಯ ಹೇಳಿರಲಿಲ್ಲ, ಅವ್ವ ಹೇಳಿರಲಿಲ್ಲ. ಆಕೆ ತನ್ನ ಗುಟ್ಟು ನಾಲ್ಕು ಊರಿಗೆ ಹೇಳಿದ್ದಾಳೆ ಎಂಬುದು ಅವನಿಗೆ ಎರಡನೆಯದಾಗಿ ಹೊಳೆಯಿತು. ಮೊದಲು ಹೊಳೆದದ್ದು, ಇಂಥ ಒಂದು ಗೆರೆ ತನ್ನ ಎಲ್ಲ ಸಂಚಿಕೆಗಳನ್ನು ಸೇರಿಸಿದರೂ ಇಲ್ಲ ಎಂಬುದು. ಅದು ಎಷ್ಟು ಜೋರಾಗಿ ಹೊಳೆಯಿತೆಂದರೆ, ಅವನು ಒಮ್ಮೆ ತನ್ನ ಎಡಹೆಗಲನ್ನು ಮುಟ್ಟಿ ನೋಡಿಕೊಂಡ.

ದಾರದಲ್ಲಿ ಪೆನ್ನು ತೂಗುತ್ತಿತ್ತು. ಅಂಚು ಖಾಲಿ ಇತ್ತು. ಅವನು ಪೆನ್ನು ಹಿಡಿದ, ಬಿಟ್ಟ.

ಇಸ್ಮಾಯಿಲ ನೀರು ತರಲು ಹಿಂದಕ್ಕೆ ಹೋಗಿ ಬಂದಾಗ ಸುತಳಿಯ ತುದಿಯಲ್ಲಿ ಏನೂ ಇರಲಿಲ್ಲ. ಎದುರಿಗೆ ಚೇತನಕುಮಾರ ಇಂಡಿಯ ಬಸ್ಸು ಹತ್ತುತ್ತಿದ್ದ. ಅವನ ಚೀಲದ ಬಾಯಿಂದ ಒಂದೆಳೆ ಕೆಂಪು ದಾರ ಹೊರಗೆ ಬಿದ್ದಿತ್ತು.

ಯಾಕೆ ಒಯ್ದ ಎಂಬುದಕ್ಕೆ ಅವನ ಬಳಿ ಕಾರಣವಿತ್ತು: ಕಾಗದದ ದರ್ಜೆಯನ್ನು ಬೆಳಕಿನಲ್ಲಿ ಹಿಡಿದು ನೋಡಬೇಕಾಗಿತ್ತು. ಮನೆಯಲ್ಲಿ ಅವನು ಅದನ್ನು ಬೆಳಕಿಗೆ ಹಿಡಿದಿದ್ದಾಗ ಐಶ್ವರ್ಯ ಹಿಂದಿನಿಂದ ಬಂದು ನೋಡಿದಳು.

“ಇದು ನಿಮ್ಮ ಬೆನ್ನಲ್ಲೇನ್ರಿ? ಯಾರ್ ತಗದಾರ, ಎಷ್ಟ್ ಛಂದ ತಗದಾರ.”

ಆ ರಾತ್ರಿ ಹೆಂಡತಿಯ ಮೆಚ್ಚುಗೆಯ ಮೇಲೂ, ಚಿತ್ರದಲ್ಲಿದ್ದ ಬೆನ್ನಿನ ಮೇಲೂ ಅವನಿಗೆ ಸಂಕಟವಾಯಿತು. ಪುಸ್ತಿಕೆಯನ್ನು ಬೀರುವಿನಲ್ಲಿ, ಹೊಲದ ಪಹಣಿಯ ಜೊತೆಗೆ ಇಟ್ಟು ಕೀಲಿ ಹಾಕಿದ.

ಹಬ್ಬ ಮುಗಿದ ಮೇಲೆ ಸುಮಂಗಲಾ ಅಂಗಡಿಗೆ ಬಂದಳು. ಇಸ್ಮಾಯಿಲ ನಡೆದದ್ದನ್ನು ನಡೆದ ಹಾಗೆ ಹೇಳಿದ, ಕೆಂಪು ದಾರದ ಸಮೇತ. ಆಕೆ ಸಿಟ್ಟಾಗುತ್ತಾಳೆಂದು ಕಾದವರಿದ್ದರು. ಆಲಮೇಲಕ್ಕೆ ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ಯಾಸೀನ ಹೇಳಿದ್ದಕ್ಕೆ ಬೇಡವೆಂದಳು. ಸುತಳಿಯ ಖಾಲಿ ತುದಿಯನ್ನು ಹಿಡಿದು ನೋಡಿದಳು.

“ಕಾಕಾ, ಹರದು ಬಿತ್ತೇನು?”

“ಹರದಿಲ್ಲವಾ. ಬಿದ್ದೂ ಇಲ್ಲ. ಒಯ್ದಾರ.”

“ಮತ್ತ ನಂದಽ ನಡದೈತಿ.”

ಇಸ್ಮಾಯಿಲ ಯೋಚಿಸಿ, ಹೌದೆಂದ. ಕುಳಿತವರು ಹಲವು ಕಡೆಯಿಂದ ವಾದಿಸಿ ನೋಡಿದರು. ನಿಯಮ ಹಾಗೇ ಇತ್ತು. ಪ್ರತಿ ತಿರುಗಿ ಬರಬೇಕು, ಮೊಳೆಗೇರಬೇಕು, ಓದಿಸಿಕೊಂಡು ಹರಿಯಬೇಕು. ಅಲ್ಲಿಯವರೆಗೆ ಬೇರೆ ಯಾರ ಪತ್ರಿಕೆಯೂ ಅಲ್ಲಿ ತೂಗುವಂತಿಲ್ಲ. ಸರದಿ ಇನ್ನೂ ತನ್ನದೇ ಆದ್ದರಿಂದ ಆಕೆ ತನ್ನ ಮುಂದಿನ ಸಂಚಿಕೆಗಳನ್ನು ಅದರ ಬದಲಿಗೆ ತೂಗಿಬಿಡುತ್ತ ಬಂದಳು. ಚೇತನಕುಮಾರ ಆ ಪ್ರತಿಯನ್ನು ತಂದು ಕೊಟ್ಟಿಲ್ಲ. ಮೊಳೆ ಸುಮಂಗಲಾಳ ಹೆಸರಿನಲ್ಲಿದೆ.